ಪದ ಬೇಕು: "ಖಾಲಿ ಮನೆಯಲ್ಲಿ ಡೇರೆ ಹಾಕಿ" ಅಂದ್ರೆ ಸರಿ ಆಗುತ್ತಾ? (ನಾಳೆ ಬೆಳಿಗ್ಗೆ ಪ್ರಿಂಟ್)

ಗೋಣಿಕೊಪ್ಪದಿಂದ:

ಎಲ್ಲರಿಗೂ ನಮಸ್ಕಾರ. ರಜೆ ಶಿಬಿರದ ಮಕ್ಕಳಿಗೆ ಕಂಪ್ಯೂಟರಲ್ಲಿ ಪಜಲ್ ಆಡಿಸೋದು ಅಂತ ಆಗಿದೆ. ಪುಟ್ಟಿ (PuTTY) ಅನ್ನೋ ಸಾಫ್ಟ್‌ವೇರ್ ಬರೆದ ಸೈಮನ್ ಟಾಥಮ್ ಅವರದೇ ಒಂದು ಪಜಲ್ ಸಂಗ್ರಹ ಇದೆಯಲ್ಲ, ಫ್ರೀ, ಯಾರು ಬೇಕಾದ್ರೂ ಬಳಸಬಹುದು ಅನ್ನೋ ಎಂಐಟಿ ಲೈಸೆನ್ಸು, ಅದರಲ್ಲಿರೋ ಟೆಂಟ್ಸ್ ಅನ್ನೋ ಆಟ. ಹಲಗೆ ತುಂಬ ಚೌಕ, ಅಲ್ಲಲ್ಲಿ ಮರ, ಮರ ಎಷ್ಟಿದೆಯೋ ಅಷ್ಟೇ ಟೆಂಟ್ ಹಾಕಬೇಕು, ಯಾವ ಸಾಲಲ್ಲಿ ಎಷ್ಟು ಅಂತ ಅಂಚಲ್ಲಿ ಅಂಕಿ ಕೊಟ್ಟಿರ್ತಾರೆ, ಎರಡು ಟೆಂಟ್ ಒಂದಕ್ಕೊಂದು ತಾಗಬಾರದು. ಇದನ್ನ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು, ನಾಳೆ ಹತ್ತು ಗಂಟೆ ಒಳಗೆ ಕೊಟ್ರೆ ಮಾತ್ರ ಅಂತ ಅಂಗಡಿಯವರು ಹೇಳಿದಾರೆ.

ನಾನು ಬರೆದದ್ದು ಹೀಗಿದೆ: "ಖಾಲಿ ಮನೆಯ ಮೇಲೆ ಎಡ ಕ್ಲಿಕ್ ಮಾಡಿದರೆ ಡೇರೆ ಬರುತ್ತದೆ. ಬಲ ಕ್ಲಿಕ್ ಮಾಡಿದರೆ ಇಲ್ಲಿ ಡೇರೆ ಇಲ್ಲ ಎಂಬ ಗುರುತು ಬೀಳುತ್ತದೆ. ತುಂಬಿದ ಮನೆಯ ಮೇಲೆ ಮತ್ತೆ ಕ್ಲಿಕ್ ಮಾಡಿದರೆ ಮನೆ ಖಾಲಿಯಾಗುತ್ತದೆ."

ನಮ್ಮ ಅತ್ತಿಗೆ ಓದಿ ಇದೇನು ಬಾಡಿಗೆಯವರನ್ನ ಬಿಡಿಸೋ ನೋಟೀಸಾ ಅಂದ್ರು. ಮನೆ ಬಿಟ್ಟು ಬೇರೆ ಏನು ಹಾಕ್ಲಿ? ಮೂಲೆಯಿಂದ ಮೂಲೆಗೆ ತಾಗೋದಕ್ಕೆ, ಅನ್‌ಡೂಗೆ ಏನನ್ನಲಿ? ಇನ್ನೊಂದು ದೊಡ್ಡ ಅನುಮಾನ ಇದೆ, ಮೊದಲು ಇಷ್ಟು ಹೇಳಿ.

ಸೋಮವಾರಪೇಟೆಯಿಂದ:

ಮನೆ ಸರಿಯಾಗಿಯೇ ಇದೆ, ಮುಟ್ಟಬೇಡಿ. ಚದುರಂಗದಲ್ಲಿ ಕುದುರೆ ಎರಡೂವರೆ ಮನೆ ಹೋಗುತ್ತದೆ, ಚೌಕಾಬಾರದಲ್ಲಿ 25 ಮನೆ. ಕೆಟ್ಟಿರುವುದು ಡೇರೆ. ಅದು ಹಿಂದಿ ಮರಾಠಿಯ ಡೇರಾ. ನಮ್ಮ ಪದ ಬೀಡು. ಬಿಡು ಎಂಬ ಧಾತುವಿನಿಂದ ಬಂದದ್ದು, ಬಿಡಾರವೂ ಅಲ್ಲಿಂದಲೇ, ಶಾಸನಗಳಲ್ಲಿ ನೆಲೆವೀಡು ಎಂದು ಬೇಕಾದಷ್ಟು ಕಡೆ ಸಿಗುತ್ತದೆ. ದಂಡು ಇಳಿಯುವ ಜಾಗ. ಅದನ್ನೇ ಹಾಕಿ.

ಮಡಿಕೇರಿಯಿಂದ:

ಮೇಷ್ಟ್ರೇ, ಸಂಪಾಜೆ ಘಾಟಿ ಇಳಿದ್ರೆ ಬೀಡು ಅಂದ್ರೆ ಅರಸು ಮನೆತನದವರು ಇದ್ದ ದೊಡ್ಡ ಮನೆ, ಆಗ ಮನೆಯೊಳಗೆ ಮನೆ ಹಾಕಿ ಅಂದಂಗೆ ಆಯ್ತಲ್ಲ. ಗುಡಾರ ಅಂತ ಒಳ್ಳೆ ಪದ ಇದೆ, ತಮಿಳಲ್ಲಿ ಕೂಡಾರಂ, ತೆಲುಗಲ್ಲಿ ಗುಡಾರಮು, ಅಕ್ಕಪಕ್ಕದವರೆಲ್ಲ ಇಟ್ಕೊಂಡಿರೋ ಪದನ ನಾವು ಯಾಕೆ ಕೈಬಿಡ್ಬೇಕು?

ವಿರಾಜಪೇಟೆಯಿಂದ:

ಟೆಂಟ್. ಮುಗೀತು. ಆಟದ ಹೆಸರೇ ಟೆಂಟ್ಸ್, ಊರಿನ ಹೋಂಸ್ಟೇ ಬೋರ್ಡಲ್ಲೂ ಟೆಂಟ್, ಮಕ್ಕಳ ಬಾಯಲ್ಲೂ ಟೆಂಟ್, ಗುಡಾರ ಯಾರ ಬಾಯಲ್ಲಿದೆ ಮಾರಾಯ್ರೆ? ಮನೆ ಅಂತೂ ಬೇಡ್ವೇ ಬೇಡ. ಚೌಕಾಬಾರದಲ್ಲಿ ಅದು ಸರಿ, ಅಲ್ಲಿ ಕಾಯಿ ಬಂದು ಕೂತ್ಕೊಳ್ಳುತ್ತೆ. ಇಲ್ಲಿ ಮರ ಇದೆ, ಟೆಂಟ್ ಇದೆ, ಓದೋ ಮಗು ಚಿತ್ರದಲ್ಲಿ ಮನೆ ಎಲ್ಲಿದೆ ಅಂತ ಹುಡುಕುತ್ತೆ. ಅದೂ ಕೊಡಗಲ್ಲಿ ಮನೆ ಅಂದ್ರೆ ಒಂದೋ ಕುಟುಂಬದ ಮೂಲ ಮನೆಯಾದ ಐನ್‌ಮನೆ ಇಲ್ಲಾ ತೋಟದ ಆಳುಗಳಿರೋ ಲೈನ್‌ಮನೆ, ಸಾಲಿನ ಮನೆಗಳು ಅಂತ ಬರೆದ್ರೆ ಎಲ್ರೂ ತೋಟದ ಲೈನ್ ಅಂತ್ಲೇ ಓದ್ತಾರೆ. ಚೌಕ ಹಾಕಿ.

ಸೋಮವಾರಪೇಟೆಯಿಂದ:

ಚೌಕವೂ ಸಂಸ್ಕೃತದ ಚತುಷ್ಕ ಪ್ರಾಕೃತದಲ್ಲಿ ಸವೆದು ಬಂದದ್ದು. ಅನ್‌ಡೂಗೆ ಯಾರಾದರೂ ರದ್ದು ಎನ್ನುವ ಮೊದಲೇ ಹೇಳುತ್ತೇನೆ, ಅದು ಅರಬ್ಬಿ. ಇರುವ ಪದ ಬಿಟ್ಟು ಸಾಲ ಮಾಡುವುದು ಒಂದು ಚಟ.

ವಿರಾಜಪೇಟೆಯಿಂದ:

ಕಾಫಿನೂ ಅರಬ್ಬಿಯ ಖಹ್ವಾದಿಂದ ಬಂದಿದ್ದು ಸರ್, ಕೊಡಗಿನವರು ಬೆಳಿಗ್ಗೆ ಎದ್ದು ಏನು ಕುಡೀಬೇಕು ಅಂತ ಅದನ್ನೂ ಹೇಳ್ಬಿಡಿ.

ರದ್ದು ಬೇಡ ಅನ್ನೋದಕ್ಕೆ ಬೇರೆ ಕಾರಣ ಇದೆ, ಕ್ಯಾನ್ಸಲ್‌ಗೂ ಅದನ್ನೇ ಹಾಕ್ತಾರೆ, ಮಕ್ಕಳು ಆಟನೇ ಹೋಯ್ತು ಅಂದ್ಕೊಂಡು ಆ ಬಟನ್ ಮುಟ್ಟೋದೇ ಇಲ್ಲ. "ಒಂದು ನಡೆ ಹಿಂದಕ್ಕೆ" ಅನ್ನಿ.

ಸೋಮವಾರಪೇಟೆಯಿಂದ:

ನಡೆ ಒಪ್ಪಿದೆ. ಕಾಫಿಯನ್ನು ಎಳೆದು ತರಬೇಡಿ, ವಸ್ತು ಹೊರಗಿಂದ ಬಂದರೆ ಹೆಸರೂ ಬರುತ್ತದೆ. ಬಟ್ಟೆ ಕಟ್ಟಿ ಮಲಗುವುದು ನಮಗೆ ಹೊರಗಿನವರು ಕಲಿಸಿದ್ದಲ್ಲ. ಕಿಟೆಲ್ ನಿಘಂಟು ತೆಗೆದು ನೋಡುವ ತಾಳ್ಮೆ ಯಾರಿಗೂ ಇಲ್ಲ.

ಮಡಿಕೇರಿಯಿಂದ:

1894ರಲ್ಲಿ ಅಚ್ಚಾದ ನಿಘಂಟಲ್ಲಿ ರೈಟ್ ಕ್ಲಿಕ್ ಹುಡುಕಿದ್ರೆ ಎಲ್ಲಿ ಸಿಗುತ್ತೆ? ಮೌಸ್‌ಗೆ ಇಲಿ ಅಂತ ಹೊರಟ ಕಾಲನೂ ನೋಡಿದೀವಿ, ಇಲಿಯ ಬಲಕಿವಿ ಒತ್ತಿ ಅಂತ ಯಾರೂ ಬರೀಲಿಲ್ಲ ಪುಣ್ಯ.

ಗೋಣಿಕೊಪ್ಪದಿಂದ:

ದಯವಿಟ್ಟು ಜಗಳ ಆಮೇಲೆ ಆಡಿ, ಗಂಟೆ ಒಂಬತ್ತೂವರೆ ಆಯ್ತು, ಇಲ್ಲಿ ಮಳೆ ಬೇರೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ದೊಡ್ಡ ಅನುಮಾನ ಅಂದೆನಲ್ಲ, ಅದು ಇದು. ನಾನು "ಪ್ರತಿ ಮರದ ಪಕ್ಕ ಒಂದೇ ಟೆಂಟ್ ಇರಬೇಕು" ಅಂತ ಬರೆದಿದ್ದೆ, ಆಡಿ ನೋಡಿದ್ರೆ ಅದು ತಪ್ಪು. ನನ್ನೆದುರಿಗಿರೋ 8×8ರಲ್ಲೇ ಒಂದು ಮರದ ಎಡಕ್ಕೂ ಟೆಂಟ್ ಇದೆ ಬಲಕ್ಕೂ ಇದೆ, ಆದ್ರೆ ಬಲಗಡೆದು ಅದರಾಚೆ ಇರೋ ಮರದ್ದು. ಅಂದ್ರೆ ಪಕ್ಕದಲ್ಲಿ ಎಷ್ಟಾದ್ರೂ ಇರ್ಲಿ, ಲೆಕ್ಕಕ್ಕೆ ಮಾತ್ರ ಒಂದಕ್ಕೆ ಒಂದು ಜೋಡಿ ಆಗಬೇಕು. ಇದನ್ನ ಮೂರನೇ ಕ್ಲಾಸಿನ ಮಗುಗೆ ಅರ್ಥ ಆಗೋ ಹಾಗೆ ಒಂದು ಸಾಲಲ್ಲಿ ಹೇಗೆ ಹೇಳೋದು? "ಹೊಂದಾಣಿಕೆ", "ಸಂಬಂಧಿಸಿದ" ಅಂತೆಲ್ಲ ಬರೆದೆ, ಸರ್ಕಾರಿ ಸುತ್ತೋಲೆ ಥರ ಆಯ್ತು.

ಸಿದ್ದಾಪುರದಿಂದ:

ನಾನು ತೋಟದಲ್ಲಿ ಲೆಕ್ಕ ಬರೆಯೋ ರೈಟರ್, ವ್ಯಾಕರಣ ಅಷ್ಟಕ್ಕಷ್ಟೇ, ಸುಮ್ನೆ ಓದ್ತಾ ಇರ್ತೀನಿ. "ಮರಕ್ಕೊಂದು ಟೆಂಟ್, ಟೆಂಟಿಗೊಂದು ಮರ" ಅಂದ್ರೆ ಸಾಕಲ್ವಾ ಅಕ್ಕ? ಮರಗಸಿಗೆ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಯೋಕೆ, ಆಳು ಬಿಡುವಾಗ ನಾವು ಮರಕ್ಕೊಬ್ಬ ಅಂತೀವಿ, ಆಚೆ ಮರದವನು ಇದರ ಬುಡದಲ್ಲೇ ನಿಂತಿದ್ರೂ ಲೆಕ್ಕ ತಪ್ಪಲ್ಲ. ಆಮೇಲೆ ಟೆಂಟ್ ಮರದ ಮೇಲೆ ಕೆಳಗೆ ಎಡ ಬಲ, ಈ ನಾಲ್ಕರಲ್ಲಿ ಒಂದು ಕಡೆ ಇರ್ಬೇಕು ಅಂತ ಬಿಡಿಸಿ ಬರೀರಿ. ಟೆಂಟಿಗೆ ಟೆಂಟ್ "ಮೂಲೆಗೂ ತಾಗಬಾರದು" ಅಂದ್ರೆ ಆಯ್ತು, ಕರ್ಣ ಅಂತ ಹಾಕ್ಬೇಡಿ, ಅದು ಯಾವುದು ವಿಕರ್ಣ ಯಾವುದು ಅಂತ ನನ್ಗೇ ಇವತ್ತಿಗೂ ಗೊಂದಲ.

ಗೋಣಿಕೊಪ್ಪದಿಂದ:

ಅಣ್ಣ, ಇಷ್ಟೇ ಬೇಕಿತ್ತು! ಕಳಿಸ್ತಿರೋದು ಇದು: "ಮರಕ್ಕೊಂದು ಟೆಂಟ್, ಟೆಂಟಿಗೊಂದು ಮರ. ಟೆಂಟ್ ತನ್ನ ಮರದ ಮೇಲೆ, ಕೆಳಗೆ, ಎಡಕ್ಕೆ ಅಥವಾ ಬಲಕ್ಕೆ ಇರಬೇಕು. ಟೆಂಟಿಗೆ ಟೆಂಟ್ ಮೂಲೆಗೂ ತಾಗಬಾರದು. ಅಂಚಿನ ಅಂಕಿ ಆ ಸಾಲಲ್ಲಿ ಎಷ್ಟು ಟೆಂಟ್ ಅಂತ ಹೇಳುತ್ತದೆ. ಖಾಲಿ ಚೌಕಕ್ಕೆ ಎಡ ಕ್ಲಿಕ್: ಟೆಂಟ್. ಬಲ ಕ್ಲಿಕ್: ಇಲ್ಲಿ ಟೆಂಟ್ ಇಲ್ಲ. ಬಲ ಬಟನ್ ಒತ್ತಿ ಹಿಡಿದು ಸಾಲಿನುದ್ದ ಎಳೆದರೆ ಖಾಲಿ ಚೌಕಗಳಿಗೆಲ್ಲ ಒಟ್ಟಿಗೇ ಗುರುತು. ತಪ್ಪಾದರೆ ಒಂದು ನಡೆ ಹಿಂದಕ್ಕೆ."

ಸೋಮವಾರಪೇಟೆಯಿಂದ:

ಮರಕ್ಕೊಂದು ಎಂಬುದು ಒಳ್ಳೆಯ ಪ್ರಯೋಗ, ರೈಟರ್ ಅವರಿಗೆ ವ್ಯಾಕರಣ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದೆ. ಆದರೆ ಟೆಂಟಿಗೊಂದು ಕಿವಿಗೆ ಚುಚ್ಚುತ್ತದೆ. ಇನ್ನೂ ಸಮಯವಿದೆ, ಬೀಡಿಗೊಂದು ಮರ ಎಂದು ತಿದ್ದಿ.

ವಿರಾಜಪೇಟೆಯಿಂದ:

ಬೀಡಿಗೊಂದು ಅಂತ ಮಕ್ಕಳ ಶಿಬಿರದ ಗೋಡೆಗೆ ಅಂಟಿಸಿದ್ರೆ ಬೆಂಕಿಪೊಟ್ಣ ಎಲ್ಲಿ ಅಂತ ಕೇಳ್ತಾರೆ ಮೇಷ್ಟ್ರೇ.