ಸಹಾಯ ಬೇಕು: ಅಪ್ಪನ ಕಾಲಿನ ಗಾಯ, ಟಿಸಿಪಿಒ2 ಪರೀಕ್ಷೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಅಪ್ಪನಿಗೆ 68 ವರ್ಷ, ಶುಗರ್ ಬಂದು 20 ವರ್ಷ ಆಯ್ತು. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಆದ ಗಾಯ ಮೂರು ತಿಂಗಳಾದರೂ ಮಾಯುತ್ತಿಲ್ಲ. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತಿದ್ದೇವೆ. ಅಂಚು ಮಾತ್ರ ಹಾಗೇ ಬೆಳ್ಳಗಿದೆ.

ಹೋದ ವಾರ ಡಾಕ್ಟರ್ ಟಿಸಿಪಿಒ2 ಮಾಡಿಸಿದರು. ಚರ್ಮದ ಮೇಲಿಂದಲೇ ಆಕ್ಸಿಜನ್ ಅಳೆಯೋದು. ಗಾಯದ ಹತ್ತಿರ ಒಂದು, ಹೋಲಿಸಿ ನೋಡೋಕೆ ಎದೆ ಮೇಲೊಂದು ಸಣ್ಣ ಸೆನ್ಸರ್ ಅಂಟಿಸಿದರು. ಅದು 44 ಡಿಗ್ರಿಯಷ್ಟು ಬಿಸಿಯಾಗುತ್ತೆ. 20 ನಿಮಿಷ ಅಲ್ಲಾಡದೆ ಮಲಗಬೇಕು, ಮಾತೂ ಆಡಬಾರದು. ಅಪ್ಪನಿಗೆ ಅದೇ ದೊಡ್ಡ ಶಿಕ್ಷೆ! ಎದೆಯಲ್ಲಿ 58, ಪಾದದಲ್ಲಿ 24 ಬಂತು (ಬಿಪಿ ತರಹ mmHg ಲೆಕ್ಕ). 30ಕ್ಕಿಂತ ಕಡಿಮೆ ಇದ್ದರೆ ಗಾಯ ತಾನಾಗಿ ಮಾಯೋದು ಕಷ್ಟ ಅಂದರು.

ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ 97 ಪರ್ಸೆಂಟ್ ತೋರಿಸುತ್ತೆ ಅಂತ ನಾನು ಸುಮ್ನೆ ಇದ್ದೆ. ಅದು ರಕ್ತದೊಳಗಿನ ಲೆಕ್ಕ, ಇದು ಪಾದದ ಚರ್ಮಕ್ಕೆ ಎಷ್ಟು ತಲುಪಿದೆ ಅನ್ನೋ ಲೆಕ್ಕ. ಎರಡೂ ಬೇರೆ ಅಲ್ವಾ, ಆಗ ಹೊಳೆಯಲಿಲ್ಲ.

ಆ ದಿನ ಪಾದ ಜಾಸ್ತಿ ಊದಿತ್ತು. ಊತ ಇದ್ದರೂ ಅಂಕಿ ಕಡಿಮೆ ಬರುತ್ತಂತೆ. ಊತ ಇಳಿದ ಮೇಲೆ ಮತ್ತೆ ಮಾಡಿಸಿದವರು ಇದ್ದೀರಾ? ಕಾಲಿನ ಆಂಜಿಯೋಪ್ಲಾಸ್ಟಿ (ಕಟ್ಟಿಕೊಂಡ ರಕ್ತನಾಳ ಬಿಡಿಸೋದು) ಮಾಡಿಸಿದವರಿದ್ದರೆ, ಆದ ಎಷ್ಟು ವಾರಕ್ಕೆ ಅಂಕಿ ಏರಿತು? ಮೈಸೂರಿನಲ್ಲಿ ಈ ಪರೀಕ್ಷೆ ಎಲ್ಲಿ ಮಾಡುತ್ತಾರೆ, ಎಷ್ಟಾಗುತ್ತೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಬುಧವಾರ ಮತ್ತೆ ಡಾಕ್ಟರ್ ಹತ್ತಿರ ಹೋಗಬೇಕು.