ಪುದುಚೇರಿಯ ಜುಲೈ 14 ಯಾರ ಹಬ್ಬ?

ಹಳೇಕಾಗದ: ಪುದುಚೇರಿಯಲ್ಲಿ ಜುಲೈ 13ರ ಸಂಜೆ ಕಂದೀಲು ಮೆರವಣಿಗೆ. ಮರುದಿನ ಫ್ರಾನ್ಸಿನ ರಾಷ್ಟ್ರೀಯ ದಿನ, ಕಡಲತೀರದ ಯುದ್ಧ ಸ್ಮಾರಕಕ್ಕೆ ಹೂಗುಚ್ಛ, ಎರಡೂ ದೇಶಗಳ ರಾಷ್ಟ್ರಗೀತೆ. ಆಳಿದವರ ಹಬ್ಬ ನಮಗ್ಯಾಕೆ? 1954ರ ಅಕ್ಟೋಬರ್ 18ರಂದು ಪುದುಚೇರಿಯ ಕೀಳೂರು ಎಂಬ ಹಳ್ಳಿಯಲ್ಲಿ 178 ಜನಪ್ರತಿನಿಧಿಗಳ ಪೈಕಿ 170 ಮಂದಿ ಭಾರತಕ್ಕೆ ಸೇರೋಣ ಎಂದರು. ಕಂದೀಲು ಹಚ್ಚಬೇಕಾದ್ದು ಆ ದಿನ.

ಕಡಲಗಾಳಿ: ನಡೆಯುವವರು ಯಾರು ಅಂತ ನೋಡಿ ಸ್ವಾಮಿ. ಫ್ರೆಂಚ್ ಸೇನೆಯಲ್ಲಿ ದುಡಿದು ನಿವೃತ್ತರಾದ ತಮಿಳರು, ಅವರ ಮನೆಮಂದಿ. ಪುದುಚೇರಿಯನ್ನು ಫ್ರಾನ್ಸ್ ಭಾರತಕ್ಕೆ ಬಿಟ್ಟುಕೊಟ್ಟ ಹಸ್ತಾಂತರದ ಒಪ್ಪಂದ 1962ರ ಆಗಸ್ಟ್ 16ಕ್ಕೆ ಜಾರಿಯಾದಾಗ, ಫ್ರೆಂಚ್ ಪೌರತ್ವ ಬೇಕಾದವರು ಆರು ತಿಂಗಳೊಳಗೆ ಬರೆದುಕೊಡಬೇಕಿತ್ತು. ಬರೆದುಕೊಟ್ಟವರೂ ಇದೇ ಊರಿನವರು. 1938ರ ಆ ಸ್ಮಾರಕವೂ ಗವರ್ನರುಗಳದ್ದಲ್ಲ, 1914–18ರ ಯುದ್ಧದಲ್ಲಿ ಮಡಿದ ಫ್ರೆಂಚ್ ಇಂಡಿಯಾದ ಸೈನಿಕರದ್ದು.

ಹಳೇಕಾಗದ: ಸೈನಿಕರಿಗೆ ನಮಸ್ಕಾರ, ಅದರಲ್ಲಿ ತಕರಾರಿಲ್ಲ. ಆದರೆ ಜುಲೈ 14ನ್ನು ‘ಸಮಾನತೆ’ಯ ದಿನ ಎನ್ನುವಾಗ ಫ್ರೆಂಚರ 1881ರ ಆಜ್ಞೆಯನ್ನೂ ಹೇಳಬೇಕಲ್ಲ? ತಮ್ಮ ಸಮುದಾಯದ ಕಟ್ಟಳೆ ಬಿಟ್ಟುಕೊಟ್ಟು ಫ್ರೆಂಚ್ ಸಿವಿಲ್ ಕಾನೂನಿಗೆ ಒಳಪಟ್ಟವರು ಹೊಸ ಮನೆತನದ ಹೆಸರನ್ನೂ ಇಟ್ಟುಕೊಳ್ಳಬೇಕಾಯಿತು. ದೀಪಾಲಂಕಾರದ ಪಕ್ಕ ಇದನ್ನು ತಿಳಿಸುವ ಒಂದು ಫಲಕ ಇರಲಿ.

ದಾರಿಬುತ್ತಿ: ಬೆಂಗಳೂರಿನಿಂದ ಹೊರಡುವವರಿಗೆ ಒಂದು ಮಾತು. ಬೀಚ್ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 7:30ರವರೆಗೆ ವಾಹನ ಬಿಡುವುದಿಲ್ಲ. ಗಾಡಿಯನ್ನು ಊರನ್ನು ಎರಡಾಗಿ ಸೀಳುವ ಕಾಲುವೆಯ ಪಶ್ಚಿಮಕ್ಕೇ ನಿಲ್ಲಿಸಿ ನಡೆಯಿರಿ. ಮಕ್ಕಳ ಕೈಗೆ ಕಾಗದದ ಕಂದೀಲು ಕೊಡುವುದಾದರೆ ಗಾಳಿಯ ಲೆಕ್ಕ ಹಾಕಿ. ಬಾಯಿ ಅಗಲವಾದರೆ ಜ್ವಾಲೆ ಓರೆಯಾಗಿ ಕಾಗದಕ್ಕೆ ತಾಗುತ್ತದೆ. ಪೂರ್ತಿ ಮುಚ್ಚಿದರೆ ಉಸಿರುಕಟ್ಟಿ ಆರುತ್ತದೆ. ತಳಕ್ಕೆ ದಪ್ಪ ರಟ್ಟು, ಅದರ ನಟ್ಟನಡುವೆ ಕರಗಿದ ಮೇಣ ತೊಟ್ಟಿಕ್ಕಿಸಿ ಮೋಟು ಮೇಣದಬತ್ತಿ ಊರಿ, ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಉದ್ದ ಬತ್ತಿ ನಡೆಯುವಾಗ ವಾಲುತ್ತದೆ. ಪುಟ್ಟ ಮಕ್ಕಳಿಗೆ ಬ್ಯಾಟರಿ ದೀಪವೇ ಸಾಕು.

ಕಡಲಗಾಳಿ: ಫಲಕದ ಮಾತು ಒಪ್ಪಿದೆ. ಆದರೆ ವಿಮೋಚನೆಯನ್ನು ಊರು ಮರೆತಿಲ್ಲ. ನಮ್ಮ ರಾಜ್ಯೋತ್ಸವದ ದಿನವೇ, ಅಲ್ಲಿನ ವಿಮೋಚನಾ ದಿನವಾದ ನವೆಂಬರ್ 1ಕ್ಕೆ, ಅದೇ ಬೀಚ್ ರಸ್ತೆಯಲ್ಲಿ ಧ್ವಜ ಏರುತ್ತದೆ.

ಹಳೇಕಾಗದ: ಏರುತ್ತದೆ, ಸರ್ಕಾರಿ ಕಾರ್ಯಕ್ರಮವಾಗಿ. ಜನ ತಾವಾಗಿ ಕಂದೀಲು ಹಿಡಿದು ಬೀದಿಗಿಳಿಯುವುದು ಜುಲೈಯಲ್ಲಿ. ನನಗೆ ನೋವಾಗುವುದು ಅಲ್ಲೇ.