ಡ್ರೇಪ್ ಇಲ್ಲದ ಪಿಎಚ್‌ಸಿಯಲ್ಲಿ ಹೆರಿಗೆ ನಂತರದ ರಕ್ತಸ್ರಾವ ಅಳೆಯುವುದು ಹೇಗೆ?

ಕೃಷ್ಣಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 24 ಗಂಟೆಯ ಪ್ರಾಥಮಿಕ ಆರೋಗ್ಯ ಕೇಂದ್ರ, ತಿಂಗಳಿಗೆ 20–25 ಹೆರಿಗೆ. ರಾತ್ರಿ ಪಾಳಿಗೆ ಒಬ್ಬರೇ ಸ್ಟಾಫ್ ನರ್ಸ್, ಜೊತೆಗೆ ಒಬ್ಬ ಆಯಾ. ತಾಲ್ಲೂಕು ಆಸ್ಪತ್ರೆ 40 ಕಿ.ಮೀ. ದೂರ. ಬರುವವರಲ್ಲಿ ಹೆಚ್ಚಿನವರು ತಾಂಡಾದವರು, ಗುಳೆ ಹೋಗಿ ಏಳು–ಎಂಟು ತಿಂಗಳಾದಾಗ ಊರಿಗೆ ಮರಳಿದವರು. ತಾಯಿ ಕಾರ್ಡ್ ತೆಗೆದರೆ ಹಿಮೋಗ್ಲೋಬಿನ್ 8, ಕೆಲವರಿಗೆ 7.

ಹೆರಿಗೆ ರಿಜಿಸ್ಟರಿನ ರಕ್ತಸ್ರಾವದ ಕಾಲಂನಲ್ಲಿ ಮಾತ್ರ ಎಲ್ಲರಿಗೂ "200 ಮಿ.ಲೀ." ಇಲ್ಲವೇ "ನಾರ್ಮಲ್". ರೆಫರ್ ಆದವರು ತಾಲ್ಲೂಕು ಆಸ್ಪತ್ರೆ ಮುಟ್ಟುವಾಗ ಬಿಳಿಚಿಕೊಂಡಿರುತ್ತಾರೆ, ನಾಡಿ 130. ಅಳತೆಯ ಡ್ರೇಪ್ (ಬಾಣಂತಿಯ ಸೊಂಟದಡಿ ಹಾಸಿ ರಕ್ತ ಹಿಡಿದು ಅಳೆಯುವ, ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ) ಪೂರೈಕೆ ಇಲ್ಲ. ಅದಿಲ್ಲದೆ ಅಳೆಯುವುದು ಹೇಗೆ? ಎಷ್ಟಾದರೆ ಏನು ಮಾಡಬೇಕು? ಒಬ್ಬರೇ ಇದ್ದಾಗ ಯಾವುದು ಮೊದಲು?

ಲೇಬರ್ ರೂಮ್ ಸಿಸ್ಟರ್

ಸಿಸ್ಟರ್, ಆ "200" ಬರೆಯುವವರನ್ನು ಬೈದು ಪ್ರಯೋಜನವಿಲ್ಲ. ರಕ್ತ ಬಟ್ಟೆಯೊಳಗೆ ಇಂಗುತ್ತದೆ, ಬೆನ್ನಿನಡಿ ಹರಿಯುತ್ತದೆ, ಬಕೆಟ್ಟಿನಲ್ಲಿ ಗರ್ಭದ ನೀರಿನ ಜೊತೆ ಬೆರೆಯುತ್ತದೆ. ಹೆಚ್ಚು ಹೋದಷ್ಟೂ ಕಣ್ಣು ಕಡಿಮೆ ಹೇಳುತ್ತದೆ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ನೋಡಿ. ಎಂದಿನ ಪದ್ಧತಿಯ ಆಸ್ಪತ್ರೆಗಳಲ್ಲಿ ಅತಿಸ್ರಾವವಾದ ನೂರು ಬಾಣಂತಿಯರಲ್ಲಿ ಸುಮಾರು 51 ಮಂದಿಯನ್ನು ಮಾತ್ರ ಗುರುತಿಸಿದ್ದರು. ಡ್ರೇಪ್ ಇಟ್ಟು ಅಳೆದ ಕಡೆ 93.

ಡ್ರೇಪ್ ಇಲ್ಲದಿದ್ದರೆ 5 ಕೆ.ಜಿ. ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮಗುವಿನ ತಕ್ಕಡಿಯನ್ನು ಇದಕ್ಕೆ ಬಳಸಬೇಡಿ. ನಿಮ್ಮಲ್ಲಿರುವ ಪ್ಯಾಡ್, ಮಾಪ್, ಶೀಟ್ ಒಂದೊಂದರ ಒಣ ತೂಕ ಬರೆದು ತಕ್ಕಡಿಯ ಮೇಲಿನ ಗೋಡೆಗೆ ಅಂಟಿಸಿ. ಮಗು ಹೊರಬಂದು ನೀರು ಹರಿದು ಮುಗಿದ ಕೂಡಲೇ ಒದ್ದೆ ಶೀಟನ್ನು ಎಳೆದು ಬೇರೆ ಬಕೆಟ್ಟಿಗೆ ಹಾಕಿ. ಸೊಂಟದಡಿ ಹೊಸ ಪ್ಲಾಸ್ಟಿಕ್ ಶೀಟ್ ಹಾಸಿ, ಅದರ ಮೇಲೆ ತೂಕ ಗೊತ್ತಿರುವ ಪ್ಯಾಡ್ ಇಡಿ. ಈ ಒಂದು ಹೆಜ್ಜೆ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಸುಳ್ಳು. ತಕ್ಕಡಿಗೆ ಪ್ಲಾಸ್ಟಿಕ್ ಹೊದಿಸಿ ಸೊನ್ನೆಗೆ ತನ್ನಿ. ಒಣ ಪ್ಯಾಡ್ 60 ಗ್ರಾಂ, ತೊಯ್ದದ್ದು 310 ಗ್ರಾಂ ಇದ್ದರೆ ಹೋದದ್ದು 250 ಮಿ.ಲೀ. (ರಕ್ತ ನೀರಿಗಿಂತ ಚೂರು ಭಾರ, ಆ ವ್ಯತ್ಯಾಸ ಬಿಟ್ಟುಬಿಡಿ.) ರಕ್ತದ ಗಡ್ಡೆಗಳನ್ನೂ ತೂಗಿ, ಮಾಸು ಬೇರೆ ಟ್ರೇಗೆ ಹೋಗಲಿ. ಮೊದಲ ಒಂದು ಗಂಟೆ 15 ನಿಮಿಷಕ್ಕೊಮ್ಮೆ ತೂಗಿ ಕೂಡುತ್ತಾ ಹೋಗಿ, ಅದೇ ಹೊತ್ತಿಗೆ ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಿದೆಯಾ ನೋಡಿ. ಎರಡನೇ ಗಂಟೆಯಲ್ಲೂ ಮುಟ್ಟಿ ನೋಡುವುದನ್ನು ನಿಲ್ಲಿಸಬೇಡಿ.

ಡ್ರೇಪ್‌ಗೆ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕುತ್ತಲೇ ಇರಿ. ಅಂಥದ್ದೊಂದು ಡ್ರೇಪ್ ಹುಟ್ಟಿದ್ದೇ ನಮ್ಮ ಬೆಳಗಾವಿಯಲ್ಲಿ, ಹಳ್ಳಿಗಳಲ್ಲಿ ಎಎನ್‌ಎಂಗಳು ಹೆರಿಗೆ ಮಾಡಿಸುತ್ತಾ ನಡೆದ ಮಿಸೊಪ್ರೊಸ್ಟಾಲ್ (ಗರ್ಭಕೋಶ ಬಿಗಿಗೊಳಿಸುವ ಮಾತ್ರೆ) ಅಧ್ಯಯನಕ್ಕೆಂದು. 1,620 ಮಹಿಳೆಯರ ಆ ಅಧ್ಯಯನ 2006ರಲ್ಲಿ ಪ್ರಕಟವಾಯಿತು. 600 ಮೈಕ್ರೋಗ್ರಾಂ ಮಾತ್ರೆ ನುಂಗಿದವರಲ್ಲಿ ಅತಿಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. ಇಪ್ಪತ್ತು ವರ್ಷವಾಗುತ್ತಾ ಬಂತು, ಇದೇ ರಾಜ್ಯದ ಪಿಎಚ್‌ಸಿಯಲ್ಲಿ ಡ್ರೇಪ್ ಇಲ್ಲ ಅನ್ನುವುದು ಹೊಟ್ಟೆ ಉರಿಸುವ ಸಂಗತಿ.

ಇನ್ನೊಂದು: ಚೊಚ್ಚಲು ಅಂತ ಎಲ್ಲರಿಗೂ ಹೆರಿಗೆ ದಾರಿಗೆ ಕತ್ತರಿ ಹಾಕುವ ಅಭ್ಯಾಸವಿದ್ದರೆ ನಿಲ್ಲಿಸಿ. ಆ ಗಾಯದಿಂದ ಹೋಗುವುದೂ ರಕ್ತವೇ.

ತಾಲ್ಲೂಕು ಪ್ರಸೂತಿ ವೈದ್ಯ

ಗೆರೆ ಎರಡು. 500 ಮಿ.ಲೀ. ಮುಟ್ಟಿತೆಂದರೆ ಬೇರೇನೂ ನೋಡದೆ ಚಿಕಿತ್ಸೆ ಶುರು. 300 ದಾಟಿ, ಜೊತೆಗೆ ನಾಡಿ 100ರ ಮೇಲೆ ಅಥವಾ ಮೇಲಿನ ಬಿಪಿ 100ರ ಕೆಳಗಿದ್ದರೆ ಆಗಲೂ ಶುರು. ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ, 0.9 ಬಂದರೆ 108ಕ್ಕೆ ಫೋನ್ ಹೋಗಲಿ. ಬಿಪಿ ಬೀಳಲಿ ಅಂತ ಕಾಯಬೇಡಿ. ಎಳೆ ವಯಸ್ಸಿನವರಲ್ಲಿ ಅದು ಕೊನೆಗೆ ಬೀಳುವುದು.

ಒಬ್ಬರೇ ಇದ್ದಾಗ: ಆಯಾಗೆ ಕೂಗಿ ಟ್ರೇ ಮತ್ತು ಫೋನ್ ತರಿಸಿ, ಅಷ್ಟರಲ್ಲಿ ಗರ್ಭಕೋಶ ಗಟ್ಟಿಯಾಗುವವರೆಗೆ ತಿಕ್ಕಿ. ನಂತರ ರಕ್ತನಾಳಕ್ಕೆ ಹಸಿರು ಬಣ್ಣದ 18ರ ಕ್ಯಾನುಲಾ (ಡ್ರಿಪ್ ಹಾಕುವ ಸೂಜಿನಳಿಕೆ), ಸಿಕ್ಕರೆ ಬೂದು ಬಣ್ಣದ 16ರದು. ಗುಲಾಬಿ ಕ್ಯಾನುಲಾ ಈ ಹೊತ್ತಿಗೆ ಸಾಲದು. 1 ಲೀಟರ್ ಆರ್‌ಎಲ್‌ಗೆ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಗರ್ಭಕೋಶ ಬಿಗಿಗೊಳಿಸುವ ಆಕ್ಸಿಟೋಸಿನ್ 20 ಯೂನಿಟ್ ಹಾಕಿ, ನಿಮಿಷಕ್ಕೆ 60 ಹನಿ. ನೇರವಾಗಿ ರಕ್ತನಾಳಕ್ಕೆ ಒಂದೇ ಸಲ ತಳ್ಳಿದರೆ ಬಿಪಿ ಕುಸಿಯುತ್ತದೆ. ರಕ್ತನಾಳ ಸಿಗದಿದ್ದರೆ ಸಮಯ ಕಳೆಯಬೇಡಿ, 10 ಯೂನಿಟ್ ತೊಡೆಗೆ. ಜೊತೆಯಲ್ಲೇ ರಕ್ತ ಹೆಪ್ಪುಗಟ್ಟಿ ನಿಲ್ಲಲು ನೆರವಾಗುವ ಟ್ರಾನೆಕ್ಸಾಮಿಕ್ ಆಸಿಡ್ (ಟ್ರಾನೆಕ್ಸಾ) 1 ಗ್ರಾಂ: 500 ಮಿ.ಗ್ರಾಂನ ಎರಡು ಆಂಪೂಲ್ ಸೇರಿ 10 ಮಿ.ಲೀ., ಗಡಿಯಾರ ನೋಡಿಕೊಂಡು ನಿಮಿಷಕ್ಕೆ 1 ಮಿ.ಲೀ. ಹೆರಿಗೆಯಾದ 3 ಗಂಟೆಯೊಳಗೆ ಹೋಗಬೇಕು. ತಡವಾದಂತೆಲ್ಲ ಉಪಯೋಗ ಕರಗುತ್ತದೆ. ಕ್ಯಾತಿಟರ್ ಹಾಕಿ ಮೂತ್ರಕೋಶ ಖಾಲಿ ಮಾಡಿ. ಮಾಸು ಪೂರ್ತಿ ಬಂದಿದೆಯಾ ಬೆಳಕಿನಲ್ಲಿ ಹರಡಿ ನೋಡಿ. ಗರ್ಭಕೋಶ ಕಲ್ಲಿನಂತೆ ಗಟ್ಟಿಯಿದ್ದೂ ರಕ್ತ ಹರಿಯುತ್ತಿದ್ದರೆ ಎಲ್ಲೋ ಹರಿದಿದೆ ಅಂತಲೇ ತಿಳಿದು ಗರ್ಭಕೊರಳಿನವರೆಗೆ ನೋಡಿ.

ಸಾಮಾನ್ಯವಾಗಿ ಆಗುವ ತಪ್ಪು: ಒಂದು ಔಷಧಿ ಕೊಟ್ಟು 20 ನಿಮಿಷ ಕಾಯುವುದು, ಆಮೇಲೆ ಇನ್ನೊಂದು. ಹೇಳಿದ್ದೆಲ್ಲ 15 ನಿಮಿಷದೊಳಗೆ ಒಟ್ಟಿಗೆ ಆಗಬೇಕು. ಗರ್ಭಕೋಶ ಬಿಗಿಗೊಳಿಸುವ ಇನ್ನೊಂದು ಇಂಜೆಕ್ಷನ್ ಮೆಥರ್ಜಿನ್ ಕೈಗೆ ಸಿಕ್ಕಿತೆಂದು ಬಿಪಿ ಹೆಚ್ಚಿದ್ದವರಿಗೆ ಕೊಡುವುದು ಇನ್ನೊಂದು ತಪ್ಪು.

ನಿಲ್ಲದಿದ್ದರೆ ಎರಡೂ ಕೈಯಿಂದ ಗರ್ಭಕೋಶ ಒತ್ತಿಹಿಡಿಯುವುದು, ದಾರಿಗೆ ಆಂಟಿ-ಶಾಕ್ ಗಾರ್ಮೆಂಟ್ (ಕಾಲು, ಹೊಟ್ಟೆಗೆ ಬಿಗಿಯಾಗಿ ಕಟ್ಟುವ ಪಟ್ಟಿಗಳ ಉಡುಪು). ಅದನ್ನು ಕಣಕಾಲಿನಿಂದ ಮೇಲಕ್ಕೆ ಕಟ್ಟಬೇಕು. ಬಿಚ್ಚುವುದೂ ಕಣಕಾಲಿನಿಂದಲೇ, ತುಂಡಿಗೆ 15 ನಿಮಿಷ ಬಿಟ್ಟು, ಅದೂ ರಕ್ತಸ್ರಾವ ನಿಂತು ನಾಡಿ–ಬಿಪಿ ಸರಿಹೋದ ಮೇಲೆ. ನಮ್ಮಂಥ ಆಸ್ಪತ್ರೆಗಳಲ್ಲಿ ಪರೀಕ್ಷೆಗೆಂದು ಹೊಟ್ಟೆಯ ಪಟ್ಟಿಯನ್ನೇ ಮೊದಲು ಬಿಚ್ಚಿದರೆ ಬಿಪಿ ಕೈಗೇ ಸಿಗುವುದಿಲ್ಲ.

ಔಷಧಿ ಉಗ್ರಾಣ

ಡಾಕ್ಟರ್ ಹೇಳಿದ್ದೆಲ್ಲ ಸರಿ, ಆದರೆ ಆಂಪೂಲಿನೊಳಗೆ ಆಕ್ಸಿಟೋಸಿನ್ ಸತ್ತಿದ್ದರೆ ಎಲ್ಲವೂ ವ್ಯರ್ಥ. ಅದು 2–8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಬಾರದು. ಬೆಳಿಗ್ಗೆ ಟ್ರೇ ಜೋಡಿಸುವಾಗ ಐದಾರು ಆಂಪೂಲ್ ಇಟ್ಟು ಸಂಜೆವರೆಗೆ ಬಿಡುವುದು ಎಷ್ಟೋ ಕಡೆ ರೂಢಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹಾಗೆ ದಿನಗಟ್ಟಲೆ ಇಟ್ಟರೆ ಔಷಧಿಯ ಶಕ್ತಿ ಇಳಿಯುತ್ತದೆ. ನೋಡಿದರೆ ಏನೂ ಗೊತ್ತಾಗದು, ನೀರಿನಂತೆಯೇ ಇರುತ್ತದೆ. ಮಗುವಿನ ತಲೆ ಕಾಣುವಾಗ ಫ್ರಿಜ್‌ನಿಂದ ತೆಗೆಯಿರಿ. ಬಾಗಿಲಿನ ಕಪಾಟು ಬೇಡ, ನಡುವಿನ ಅರೆಯಲ್ಲಿಡಿ. ದಿನಕ್ಕೆರಡು ಸಲ ಉಷ್ಣಾಂಶ ಬರೆಯಿರಿ. ಕರೆಂಟು ಹೋಗುವ ಊರಾದರೆ ಐಸ್‌ಪ್ಯಾಕ್ ಇಟ್ಟ ವ್ಯಾಕ್ಸಿನ್ ಕ್ಯಾರಿಯರ್, ಆದರೆ ಐಸ್ ಆಂಪೂಲಿಗೆ ತಾಗದಂತೆ. ಫ್ರಿಜ್ ಕೆಟ್ಟ ದಿನಕ್ಕೆ 200 ಮೈಕ್ರೋಗ್ರಾಂನ ಮಿಸೊಪ್ರೊಸ್ಟಾಲ್ ಮಾತ್ರೆ ಕಪಾಟಿನಲ್ಲಿರಲಿ: ಮುನ್ನೆಚ್ಚರಿಕೆಗೆ 3 ನುಂಗಲು, ಚಿಕಿತ್ಸೆಗೆ 4 ನಾಲಿಗೆಯಡಿ. ಅದು ತೇವಕ್ಕೆ ಹಾಳಾಗುತ್ತದೆ, ಸ್ಟ್ರಿಪ್ ಒಡೆದು ಡಬ್ಬಿಗೆ ಸುರಿಯಬೇಡಿ.

ಸಿಸೇರಿಯನ್ ಆಗುವ ಕಡೆಯವರಿಗೆ: ಟ್ರಾನೆಕ್ಸಾ ಆಂಪೂಲ್ ಬೆನ್ನಿಗೆ ಕೊಡುವ ಅರಿವಳಿಕೆಯ ಆಂಪೂಲ್ ಥರವೇ ಕಾಣಬಹುದು. ತಪ್ಪಿ ಬೆನ್ನಿಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಅರಿವಳಿಕೆಯ ಟ್ರೇ ಇರುವ ಕಪಾಟಿನಲ್ಲೇ ಇಡಬೇಡಿ.

ಕೃಷ್ಣಾತೀರ

ತುಂಬಾ ಉಪಕಾರವಾಯಿತು. ಹಿಮೋಗ್ಲೋಬಿನ್ 7 ಇದ್ದವರಿಗೂ ಇದೇ 300, 500 ಗೆರೆಯೇ? ಟ್ರಾನೆಕ್ಸಾ ಸ್ಟಾಕ್ ಮುಗಿದಾಗ ಮನೆಯವರಿಗೆ ಚೀಟಿ ಬರೆದುಕೊಡುವುದು ನಡೆಯುತ್ತಿದೆ, ಅದಕ್ಕೇನು ಮಾಡುವುದು?

ಲೇಬರ್ ರೂಮ್ ಸಿಸ್ಟರ್

7ಕ್ಕಿಂತ ಕಡಿಮೆ ಇದ್ದವರ ಹೆರಿಗೆ ನಿಮ್ಮಲ್ಲಿ ಆಗಲೇಬಾರದು. ರಕ್ತ ಸಿಗುವ ಆಸ್ಪತ್ರೆಗೆ ನೋವು ಬರುವ ಮೊದಲೇ ಸೇರಿಸಬೇಕು. ಅದಕ್ಕೆ 34 ವಾರದೊಳಗೆ ಪಟ್ಟಿ ಮಾಡಿ, ಆಶಾ ಜೊತೆ ಕೂತು ಯಾರನ್ನು ಯಾವ ಗಾಡಿಯಲ್ಲಿ ಯಾವತ್ತು ಕಳಿಸುವುದು ಎಂದು ಬರೆದಿಡಿ. ಗುಳೆಯಿಂದ ಮರಳಿದವರ ರಕ್ತವನ್ನು ಅದೇ ದಿನ ಪರೀಕ್ಷಿಸಿ, ಹಳೆ ಕಾರ್ಡಿನ ಅಂಕಿ ನಂಬಬೇಡಿ. 7–9 ಇದ್ದವರಿಗೆ ಮಾತ್ರೆ ಕೊಟ್ಟು ಕಳಿಸಿದರೆ ಸಾಲದು, ತಿಂಗಳು ತುಂಬುತ್ತಿದ್ದರೆ ರಕ್ತನಾಳಕ್ಕೆ ಕಬ್ಬಿಣಾಂಶ ಕೊಡಿಸಲು ಕಳಿಸಿ. ನೋವು ಬಂದ ಮೇಲೆ ಅಂಥವರು ಬಂದುಬಿಟ್ಟರೆ ಗೆರೆ ಅದೇ, ಆದರೆ ಕ್ಯಾನುಲಾ ಮೊದಲೇ ಹಾಕಿಟ್ಟಿರಿ, ಗಾಡಿ 300ಕ್ಕೇ ಕರೆಯಿರಿ.

ಚೀಟಿ ವಿಷಯ ಗಟ್ಟಿಯಾಗಿಯೇ ಹೇಳುತ್ತೇನೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಔಷಧಿ, ರಕ್ತ, ಗಾಡಿ ಎಲ್ಲವೂ ಉಚಿತ. ರಾತ್ರಿ ಎರಡಕ್ಕೆ ಮೆಡಿಕಲ್ ಶಾಪ್ ಹುಡುಕುವ, ಕೈಯಲ್ಲಿ ಕಾಸಿಲ್ಲದ ಮನೆಯವರಿಗೆ ಚೀಟಿ ಕೊಟ್ಟರೆ ಮೂರು ಗಂಟೆ ಅಲ್ಲೇ ಕಳೆದುಹೋಗುತ್ತದೆ. ದುಡ್ಡಿದ್ದವರ ಸೊಸೆಗೆ ಔಷಧಿ, ಇಲ್ಲದವರ ಮಗಳಿಗೆ ಚೀಟಿ ಆಗಬಾರದು. ಎರಡು ಹೆರಿಗೆಗೆ ಆಗುವಷ್ಟನ್ನು, ಅಂದರೆ ಟ್ರಾನೆಕ್ಸಾ 4 ಆಂಪೂಲ್, ಹಸಿರು ಕ್ಯಾನುಲಾ 4, ಆರ್‌ಎಲ್ 4 ಬಾಟಲ್, ಕ್ಯಾತಿಟರ್ 2, ಒಂದು ಡಬ್ಬಿಗೆ ಹಾಕಿ ಸೀಲ್ ಮಾಡಿ. ಸೀಲ್ ಒಡೆದ ಪಾಳಿಯವರೇ ಮರುದಿನ ತುಂಬಿಸಬೇಕು. ಉಗ್ರಾಣದ ಸ್ಟಾಕ್‌ನಲ್ಲಿ ಅದನ್ನು ಲೆಕ್ಕ ಹಿಡಿಯಬೇಡಿ, ಮುಗಿಯುವ ಮೊದಲೇ ಇಂಡೆಂಟ್ ಹೋಗಲು ಅದೇ ದಾರಿ.

ಲಂಬಾಣಿ ಮಾತ್ರ ಬಲ್ಲ ಹೆಣ್ಣುಮಗಳಾದರೆ ಅತ್ತೆಯನ್ನೋ ಅಕ್ಕನನ್ನೋ ಒಳಗೆ ಬಿಡಿ. "ತಲೆ ತಿರುಗ್ತದ" ಅನ್ನುವುದು ಅವರ ಬಾಯಿಂದಲೇ ಮೊದಲು ನಿಮಗೆ ತಿಳಿಯುವುದು.

ತಾಲ್ಲೂಕು ಪ್ರಸೂತಿ ವೈದ್ಯ

ಒಂದು ಕೋರಿಕೆ. ರೆಫರಲ್ ಚೀಟಿಯಲ್ಲಿ "ರಕ್ತಸ್ರಾವ ಹೆಚ್ಚು" ಅಂತಷ್ಟೇ ಬರೆಯಬೇಡಿ. "ಹೆರಿಗೆ 7.10, 7.40ರವರೆಗೆ 620 ಮಿ.ಲೀ., ಟ್ರಾನೆಕ್ಸಾ 7.45ಕ್ಕೆ, ರಕ್ತದ ಗುಂಪು ಇಂಥದ್ದು" ಅಂತ ಬರೆದು, ಗಾಡಿ ಹೊರಟಾಗ ಅದನ್ನೇ ಫೋನಿನಲ್ಲೂ ಓದಿ. 30 ನಿಮಿಷದ ನಂತರವೂ ರಕ್ತ ಹೋಗುತ್ತಿದ್ದರೆ ಟ್ರಾನೆಕ್ಸಾ ಎರಡನೇ ಡೋಸ್ ಕೊಡಬೇಕು, ಮೊದಲನೆಯದು ಎಷ್ಟು ಹೊತ್ತಿಗೆ ಹೋಯಿತು ಅಂತ ನಮಗೆ ತಿಳಿಯುವುದು ಆ ಚೀಟಿಯಿಂದಲೇ. ದಾರಿಯಲ್ಲಿ ತೊಯ್ದ ಪ್ಯಾಡ್‌ಗಳನ್ನು ಎಸೆಯಬೇಡಿ, ಕವರಿನಲ್ಲಿ ಕಟ್ಟಿ ಗಾಡಿಯಲ್ಲೇ ಕಳಿಸಿ. ಇಲ್ಲಿ ತೂಗಿ ಕೂಡಿಕೊಳ್ಳುತ್ತೇವೆ.